ವಾರಗಳ ಲೆಕ್ಕ

ಮುಟ್ಟು ಒಂದು ವಾರ ಮುಂದೆ ಹೋಗಿದೆ ಎಂದು ಹದಿನಾರರ ಹುಡುಗಿಯೊಬ್ಬಳು ಗಮನಿಸುವ ಹೊತ್ತಿಗೆ, ಅವಳು ಬಸುರಿಯಾಗಿದ್ದರೆ, ವೈದ್ಯರ ಲೆಕ್ಕದಲ್ಲಿ ಆಗಲೇ ಐದು ವಾರ ಆಗಿರುತ್ತದೆ. ಗರ್ಭದ ವಯಸ್ಸನ್ನು ಎಣಿಸುವುದು ಕೂಡಿದ ದಿನದಿಂದಲ್ಲ, ಕೊನೆಯ ಮುಟ್ಟಿನ ಮೊದಲ ದಿನದಿಂದ. ಮೈನೆರೆದ ಮೊದಲ ಕೆಲವು ವರ್ಷ ಮುಟ್ಟು ಹೇಳಿದ ದಿನಕ್ಕೆ ಬರುವುದೂ ಇಲ್ಲ. 21 ದಿನಕ್ಕೂ ಆಗಬಹುದು, 45 ದಿನಕ್ಕೂ ಆಗಬಹುದು. ಹಾಗಾಗಿ ಒಂದು ತಿಂಗಳು ತಪ್ಪಿದರೆ ಅವಳಿಗಾಗಲಿ ಮನೆಯವರಿಗಾಗಲಿ ಅನುಮಾನ ಬಾರದು. ಎರಡನೆಯ ತಿಂಗಳೂ ತಪ್ಪಿ, ಯಾರ ಹತ್ತಿರ ಬಾಯಿಬಿಡುವುದೆಂದು ತಿಳಿಯದೆ ಇನ್ನೆರಡು ವಾರ ಕಳೆದರೆ ಹತ್ತು ವಾರವಾಯಿತು. ಮಾತ್ರೆಯಿಂದ ಗರ್ಭಪಾತಕ್ಕೆ ನಮ್ಮ ದೇಶದ ನಿಯಮ ಇಟ್ಟಿರುವ ಮಿತಿ ಒಂಬತ್ತು ವಾರ. ಹುಡುಗಿ ಇನ್ನೂ ಯಾವ ನಿರ್ಧಾರವನ್ನೂ ಮಾಡಿಲ್ಲ, ಆದರೂ ಅವಳ ಮುಂದಿದ್ದ ದಾರಿಗಳಲ್ಲಿ ಸುಲಭವಾದದ್ದೊಂದು ಮುಚ್ಚಿಹೋಗಿದೆ. ಹದಿಹರೆಯದವರಿಗೆ ಸಂತಾನಶಕ್ತಿಯ ಬಗ್ಗೆ, ಬಸಿರಿನ ಆಯ್ಕೆಗಳ ಬಗ್ಗೆ ಹೇಳಿಕೊಡಬೇಕೇ ಬೇಡವೇ ಎನ್ನುವುದನ್ನು ನಾವು ಇದುವರೆಗೆ ನೀತಿಯ ಪ್ರಶ್ನೆಯಾಗಿ ಚರ್ಚಿಸಿದ್ದೇವೆ. ಅದು ಮೊದಲಿಗೆ ಸಮಯದ ಪ್ರಶ್ನೆ ಎಂಬುದು ಈ ಲೇಖನದ ವಾದ. ಬಸಿರಿನ ವಿಚಾರದಲ್ಲಿ ಆಯ್ಕೆ ಇದೆ ಎಂದರೆ ಕೈಯಲ್ಲಿ ಇನ್ನೂ ಸಮಯ ಇದೆ ಎಂದರ್ಥ. ಅಜ್ಞಾನ ತಿನ್ನುವುದು ಆ ಸಮಯವನ್ನೇ. ಮಗು ಬೇಡ ಎನ್ನುವವರ ವಾರಗಳನ್ನು ಅದು ತಿನ್ನುತ್ತದೆ, ಮಗು ಬೇಕು ಎನ್ನುವವರ ವರ್ಷಗಳನ್ನು ತಿನ್ನುತ್ತದೆ.

ಕಲಿಸಬೇಕಾದ ಜೀವಶಾಸ್ತ್ರ ಹೆಚ್ಚೇನಿಲ್ಲ. ಅಂಡಾಶಯದಿಂದ ಹೊರಬಿದ್ದ ಅಂಡಾಣು ಬದುಕುವುದು ಒಂದು ದಿನ. ಹೆಣ್ಣಿನ ದೇಹದೊಳಗೆ ವೀರ್ಯಾಣು ಐದು ದಿನದವರೆಗೆ ಬದುಕಬಲ್ಲದು. ಎರಡನ್ನೂ ಸೇರಿಸಿದರೆ ಒಂದು ಋತುಚಕ್ರದಲ್ಲಿ ಬಸಿರು ನಿಲ್ಲಬಹುದಾದ ದಿನಗಳು ಆರು. ಆ ಆರು ದಿನ ಯಾವುವು ಎಂಬಲ್ಲಿಯೇ ಬಹಳ ಮಂದಿ ಎಡವುತ್ತಾರೆ. ಹದಿನಾಲ್ಕನೆಯ ದಿನ ಎಂದು ಎಲ್ಲೋ ಓದಿದ್ದು ನೆನಪಿರುತ್ತದೆ; ಆದರೆ ಆ ಹದಿನಾಲ್ಕನ್ನು ಹಿಂದಿನ ಮುಟ್ಟಿನಿಂದ ಮುಂದಕ್ಕೆ ಎಣಿಸಿದರೆ ತಪ್ಪುತ್ತದೆ, ಮುಂದಿನ ಮುಟ್ಟಿನಿಂದ ಹಿಂದಕ್ಕೆ ಎಣಿಸಬೇಕು. ಚಕ್ರ 28 ದಿನದ್ದಾದರೆ ಎರಡೂ ಒಂದೇ. 35 ದಿನದ್ದಾದರೆ ಅಂಡಾಣು ಬಿಡುಗಡೆಯಾಗುವುದು ಹೆಚ್ಚುಕಡಿಮೆ 21ನೆಯ ದಿನ. ಮುಂದಿನ ಮುಟ್ಟು ಯಾವಾಗ ಎಂದೇ ಗೊತ್ತಿಲ್ಲದ ಹದಿಹರೆಯದಲ್ಲಿ ಹಿಂದಕ್ಕೆ ಎಣಿಸುವುದು ಸಾಧ್ಯವೇ ಇಲ್ಲ. ಆದ್ದರಿಂದ ಗೆಳತಿಯರು ಪಿಸುಮಾತಿನಲ್ಲಿ ಹೇಳುವ ‘ಸೇಫ್ ದಿನಗಳು’ ಈ ವಯಸ್ಸಿನಲ್ಲಿ ಸೇಫ್ ಅಲ್ಲ. ಮೆಡಿಕಲ್ ಶಾಪಿನಲ್ಲಿ ಸಿಗುವ ತುರ್ತು ಮಾತ್ರೆಯ ಕೆಲಸವೂ ಇದೇ ಲೆಕ್ಕದ ಮೇಲೆ ನಿಂತಿದೆ. ಅದು ಅಂಡಾಣು ಹೊರಬರುವುದನ್ನು ಮುಂದೂಡುತ್ತದೆ. 72 ಗಂಟೆಯೊಳಗೆ, ಎಷ್ಟು ಬೇಗ ನುಂಗಿದರೆ ಅಷ್ಟು ಪರಿಣಾಮಕಾರಿ. ನಿಂತ ಬಸಿರನ್ನು ಅದು ಇಳಿಸುವುದಿಲ್ಲ. ಈ ಮಾತ್ರೆಗೂ ಗರ್ಭಪಾತದ ಮಾತ್ರೆಗೂ ವ್ಯತ್ಯಾಸ ತಿಳಿಯದವರು ಮಕ್ಕಳಷ್ಟೇ ಅಲ್ಲ, ಅವರ ಅಪ್ಪ ಅಮ್ಮಂದಿರಲ್ಲೂ ಬೇಕಾದಷ್ಟು ಮಂದಿ ಸಿಗುತ್ತಾರೆ.

ಶಾಲೆಯಲ್ಲಿ ಇದೆಲ್ಲ ಇಲ್ಲವೇ ಎಂದರೆ, ಅರ್ಧ ಇದೆ. ರಾಜ್ಯದಲ್ಲಿ ಬಳಕೆಗೆ ಬಂದ ಹತ್ತನೇ ತರಗತಿಯ ಎನ್‌ಸಿಇಆರ್‌ಟಿ ವಿಜ್ಞಾನ ಪಠ್ಯದಲ್ಲಿ ಸಂತಾನೋತ್ಪತ್ತಿಗೆ ಒಂದು ಇಡೀ ಅಧ್ಯಾಯವಿದೆ. ಅಮೀಬ ಎರಡಾಗಿ ಒಡೆಯುತ್ತದೆ, ಹೈಡ್ರಾ ಮೊಗ್ಗು ಬಿಡುತ್ತದೆ, ಕಾಡುಬಸಳೆಯ ಎಲೆಯಂಚಿನಲ್ಲಿ ಸಸಿ ಮೂಡುತ್ತದೆ, ಹೂವಿನಲ್ಲಿ ಪರಾಗಸ್ಪರ್ಶ ಆಗುತ್ತದೆ; ಆಮೇಲೆ ಮನುಷ್ಯ ಬರುತ್ತಾನೆ. ಫಲಿತವಾಗದ ಅಂಡಾಣು ಸುಮಾರು ಒಂದು ದಿನ ಬದುಕುತ್ತದೆ ಎಂದು ಪುಸ್ತಕ ಹೇಳುತ್ತದೆ. ಕಾಂಡೋಮ್, ನುಂಗುವ ಮಾತ್ರೆ, ನಮ್ಮವರು ವಂಕಿ ಎನ್ನುವ ಕಾಪರ್ ಟಿ, ಶಸ್ತ್ರಚಿಕಿತ್ಸೆ ಎಲ್ಲದರ ಹೆಸರೂ ಇದೆ. ಆದರೆ ಗರ್ಭದ ವಾರಗಳನ್ನು ಎಣಿಸುವುದು ಹೇಗೆ, ಬಸಿರು ನಿಂತಿದೆಯೇ ಎಂದು ತಿಳಿಯುವುದು ಹೇಗೆ, ತಿಳಿದ ಮೇಲೆ ಎಲ್ಲಿಗೆ ಹೋಗಬೇಕು, ಕಾನೂನು ಏನು ಹೇಳುತ್ತದೆ ಎಂಬುದಕ್ಕೆ ಜಾಗವಿಲ್ಲ. ಇದ್ದಷ್ಟನ್ನೂ ಪೂರ್ತಿ ಮಾಡುವುದು ಮೇಷ್ಟರ ಧೈರ್ಯಕ್ಕೆ ಬಿಟ್ಟದ್ದು. ಹೂವಿನ ಚಿತ್ರ ಬರೆಸಿ ಭಾಗಗಳನ್ನು ಗುರುತಿಸಲು ಹೇಳಿ, ‘ಉಳಿದದ್ದು ನೀವೇ ಮನೆಯಲ್ಲಿ ಓದಿಕೊಳ್ಳಿ’ ಎಂದು ಅಧ್ಯಾಯ ಮುಗಿಸುವ ಪದ್ಧತಿ ಎಷ್ಟು ಹಳೆಯದೆಂದರೆ ಅದನ್ನು ಯಾರೂ ತಪ್ಪೆಂದು ಭಾವಿಸುವುದೂ ಇಲ್ಲ.

ನಾಚಿಕೆ ನಮ್ಮ ಸಂಸ್ಕೃತಿಯಲ್ಲೇ ಇದೆ, ಏನು ಮಾಡುವುದು ಎಂಬ ಸಮಜಾಯಿಷಿಯನ್ನು ಸ್ವಲ್ಪ ಅನುಮಾನದಿಂದಲೇ ನೋಡಬೇಕು. ಹುಡುಗಿ ದೊಡ್ಡವಳಾದಳು ಎಂಬುದನ್ನು ಊರಿಗೆಲ್ಲ ಸಾರುವ ಪದ್ಧತಿ ಹಳೇ ಮೈಸೂರು ಭಾಗದ ಹಲವು ಸಮುದಾಯಗಳಲ್ಲಿ ಇಂದಿಗೂ ಉಂಟು. ಸೋದರಮಾವ ಹಸಿರು ಸೊಪ್ಪಿನ ಗುಡ್ಲು ಹಾಕುತ್ತಾನೆ, ಮುತ್ತೈದೆಯರು ಆರತಿ ಎತ್ತುತ್ತಾರೆ, ಕೊಬ್ಬರಿ ಬೆಲ್ಲ ಎಳ್ಳಿನ ಚಿಗಳಿ ತಿನ್ನಿಸುತ್ತಾರೆ, ಈಗೀಗ ಫ್ಲೆಕ್ಸ್ ಕಟ್ಟಿ ಛತ್ರದಲ್ಲಿ ಊಟ ಹಾಕಿಸುವವರೂ ಇದ್ದಾರೆ. ಅಂದರೆ ಈ ದೇಹ ಇನ್ನು ಮುಂದೆ ಹೆರಬಲ್ಲದು ಎಂಬ ಸುದ್ದಿಯನ್ನು ಹೇಳಲು ನಮಗೆ ಸಂಕೋಚವಿಲ್ಲ. ಆ ಸುದ್ದಿಯ ಅರ್ಥವೇನು ಎಂದು ಆ ಹುಡುಗಿಗೇ ಹೇಳಲು ಮಾತ್ರ ಸಂಕೋಚ. ಕನ್ನಡದಲ್ಲಿ ಈ ವಿಷಯದ ಬರಹಕ್ಕೆ ಬರವಿರಲಿಲ್ಲ ಎಂಬುದೂ ನಿಜ. ವೈದ್ಯೆಯೂ ಕಾದಂಬರಿಕಾರ್ತಿಯೂ ಆಗಿದ್ದ ಅನುಪಮಾ ನಿರಂಜನ ಬಸಿರು, ಬಾಣಂತನ, ದಾಂಪತ್ಯಗಳ ಬಗ್ಗೆ ದಿಟ್ಟವಾಗಿ, ತಿಳಿಯಾಗಿ ಬರೆದರು. ಎರಡು ತಲೆಮಾರಿನ ಹೆಂಗಸರು ಆ ಪುಸ್ತಕಗಳನ್ನು ಓದಿ ಉಪಕಾರ ಪಡೆದರು. ಆದರೆ ಅವರ ಪುಸ್ತಕವೊಂದರ ಹೆಸರು ‘ವಧುವಿಗೆ ಕಿವಿಮಾತು’. ತಿಳಿವಳಿಕೆ ಸಿಗಬೇಕಾದರೆ ಮೊದಲು ವಧುವಾಗಬೇಕು ಎಂಬುದು ಲೇಖಕಿಯ ದೋಷವಲ್ಲ, ಆ ಕಾಲದ ಓದುಗರು ಒಪ್ಪುತ್ತಿದ್ದ ವಯಸ್ಸು ಅದು. ಕಾಲ ಸರಿದರೂ ಆ ವಯಸ್ಸು ಮಾತ್ರ ಸರಿದಿಲ್ಲ.

ಸರ್ಕಾರದ ಚರಿತ್ರೆ ಇನ್ನೂ ವಿಚಿತ್ರ. 1930ರಲ್ಲಿ, ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ ಮಿರ್ಜಾ ಇಸ್ಮಾಯಿಲ್ ದಿವಾನರಾಗಿದ್ದಾಗ, ಮೈಸೂರು ಸಂಸ್ಥಾನ ತನ್ನ ಆಸ್ಪತ್ರೆಗಳಲ್ಲಿ ಸಂತಾನ ನಿಯಂತ್ರಣದ ಕ್ಲಿನಿಕ್ ತೆರೆಯಲು ಮುಂದಾಯಿತು. ಒಂದು ಸರ್ಕಾರ ತಾನೇ ನಿಂತು ಇಂಥ ಕ್ಲಿನಿಕ್ ನಡೆಸಿದ್ದಕ್ಕೆ ಪ್ರಪಂಚದಲ್ಲೇ ಮೊದಲ ಉದಾಹರಣೆಯೆಂದು ಇದನ್ನು ಹೇಳುತ್ತಾರೆ. ಸ್ವಾತಂತ್ರ್ಯದ ನಂತರ ಕುಟುಂಬ ಯೋಜನೆಯ ಕೆಂಪು ತ್ರಿಕೋನ ಗೋಡೆಗೋಡೆಯ ಮೇಲೆ ಬಂತು, ‘ಆರತಿಗೊಬ್ಬಳು, ಕೀರ್ತಿಗೊಬ್ಬ’ ಎಂಬ ಘೋಷಣೆ ಮನೆಮಾತಾಯಿತು. 2005ರಲ್ಲಿ ಕೇಂದ್ರದ ಶಿಕ್ಷಣ ಇಲಾಖೆ ಮತ್ತು ರಾಷ್ಟ್ರೀಯ ಏಡ್ಸ್ ನಿಯಂತ್ರಣ ಸಂಸ್ಥೆ (ನ್ಯಾಕೊ) ಸೇರಿ ಹದಿಹರೆಯದ ಶಿಕ್ಷಣ ಕಾರ್ಯಕ್ರಮವನ್ನು ಶಾಲೆಗಳಿಗೆ ತಂದಾಗ, 2007ರಲ್ಲಿ ಅದನ್ನು ತಡೆದ ರಾಜ್ಯಗಳ ಸಾಲಿನಲ್ಲಿ ಕರ್ನಾಟಕವೂ ಇತ್ತು. ಎರಡು ವರ್ಷದ ನಂತರ ವೆಂಕಯ್ಯ ನಾಯ್ಡು ಅಧ್ಯಕ್ಷತೆಯ ರಾಜ್ಯಸಭಾ ಅರ್ಜಿ ಸಮಿತಿ, ಶಾಲೆಯಲ್ಲಿ ಲೈಂಗಿಕ ಶಿಕ್ಷಣವೇ ಕೂಡದು, ಇಂಥ ವಿಷಯಗಳಿದ್ದರೆ ಅವು ಪಿಯುಸಿ ಹಂತದ ಜೀವಶಾಸ್ತ್ರ ಪುಸ್ತಕದಲ್ಲಿರಲಿ ಎಂದಿತು. ಇಂಥ ಹೊತ್ತಿನಲ್ಲಿ ನಮ್ಮ ವ್ಯವಸ್ಥೆ ಮಾತಾಡುವುದು ಜನಸಂಖ್ಯೆಯ ಬಗ್ಗೆ ಅಥವಾ ಶೀಲದ ಬಗ್ಗೆ. ಹುಡುಗ ಹುಡುಗಿಯರ ಬಗ್ಗೆ ಮಾತಾಡಿದ್ದು ಕಡಿಮೆ.

ಪಿಯುಸಿವರೆಗೆ ಕಾಯಿರಿ ಎಂಬ ಸಲಹೆಯನ್ನು ಅಂಕಿಅಂಶದ ಪಕ್ಕದಲ್ಲಿಟ್ಟು ನೋಡೋಣ. ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ (2019–21) ಪ್ರಕಾರ ಕರ್ನಾಟಕದಲ್ಲಿ 20ರಿಂದ 24 ವರ್ಷದ ಹೆಣ್ಣುಮಕ್ಕಳ ಪೈಕಿ ಶೇ 21ರಷ್ಟು ಮಂದಿಗೆ ಹದಿನೆಂಟು ತುಂಬುವ ಮೊದಲೇ ಮದುವೆಯಾಗಿತ್ತು. ಸಮೀಕ್ಷೆಯ ಹೊತ್ತಿಗೆ 15ರಿಂದ 19ರ ವಯಸ್ಸಿನವರಲ್ಲಿ ಶೇ 5.4 ಮಂದಿ ಆಗಲೇ ತಾಯಂದಿರು ಅಥವಾ ಬಸುರಿಯರು. ಬಾಲ್ಯವಿವಾಹವನ್ನು ಮೊದಲಿನಿಂದಲೇ ಅಸಿಂಧುಗೊಳಿಸುವ ತಿದ್ದುಪಡಿಯನ್ನು ತಂದ ರಾಜ್ಯದ ಕತೆ ಇದು. ಮದುವೆಯಾದ ಮರುವರ್ಷವೇ ‘ಏನೂ ವಿಶೇಷ ಇಲ್ಲವಾ?’ ಎಂದು ಕೇಳುವ ಬಂಧುಗಳಿರುವಲ್ಲಿ, ಮೊದಲ ಮಗುವನ್ನು ಮುಂದೂಡುವ ಉಪಾಯವನ್ನು ಹುಡುಗಿ ತಾನಾಗಿ ತಿಳಿದಿದ್ದರೆ ತಿಳಿದಂತೆ, ಇಲ್ಲದಿದ್ದರೆ ಇಲ್ಲ. ಅದೇ ಸಮೀಕ್ಷೆಯಲ್ಲಿ ರಾಜ್ಯದ ವಿವಾಹಿತೆಯರಲ್ಲಿ ಶೇ 57 ಮಂದಿಗೆ ಸಂತಾನಹರಣ ಶಸ್ತ್ರಚಿಕಿತ್ಸೆ ಆಗಿದೆ. ಗಂಡಸರದ್ದು ಶೂನ್ಯದ ಆಸುಪಾಸು. ಒಟ್ಟು ಫಲವಂತಿಕೆ ದರ 1.7ಕ್ಕೆ ಇಳಿದಿದೆ ಎಂದು ಹೆಮ್ಮೆಪಡುವವರು ಆ ಇಳಿಕೆಯ ಆಕಾರವನ್ನು ನೋಡುವುದಿಲ್ಲ: ಬೇಗ ಮದುವೆ, ಬೆನ್ನುಬೆನ್ನಿಗೆ ಎರಡು ಹೆರಿಗೆ, ಆಮೇಲೆ ‘ಆಪರೇಷನ್’. ಮೂರು ತಿಂಗಳಿಗೊಮ್ಮೆಯ ಅಂತರಾ ಚುಚ್ಚುಮದ್ದು, ವಾರದ ಲೆಕ್ಕದಲ್ಲಿ ನುಂಗುವ ಛಾಯಾ ಮಾತ್ರೆ, ವಂಕಿ ಇವೆಲ್ಲ ಸರ್ಕಾರಿ ಆಸ್ಪತ್ರೆಯಲ್ಲಿ ಪುಕ್ಕಟೆ ಸಿಗುವ, ಮತ್ತೆ ಬೇಕೆಂದಾಗ ನಿಲ್ಲಿಸಬಹುದಾದ ಉಪಾಯಗಳು. ನಡುವಿನ ಆ ಕಾಲವನ್ನು ಬಳಸಿಕೊಳ್ಳಲು ಕಲಿಸದೆ, ಕೊನೆಯ ಬಾಗಿಲನ್ನೊಂದೇ ತೋರಿಸಿದ್ದೇವೆ.

ಹೇಳಿಕೊಟ್ಟರೆ ಕೆಡುತ್ತಾರೆ ಎಂಬುದು ಎಲ್ಲಕ್ಕಿಂತ ಹಳೆಯ ಆಕ್ಷೇಪ, ಮತ್ತು ಎಲ್ಲಕ್ಕಿಂತ ಹೆಚ್ಚು ಪರೀಕ್ಷೆಗೆ ಒಳಗಾದದ್ದು. ಯುನೆಸ್ಕೊ 2009ರಲ್ಲಿ ಪ್ರಕಟಿಸಿ 2018ರಲ್ಲಿ ಪರಿಷ್ಕರಿಸಿದ ಮಾರ್ಗದರ್ಶಿಗಾಗಿ ಹಲವು ದೇಶಗಳ ಅಧ್ಯಯನಗಳನ್ನು ಒಟ್ಟಿಗೆ ತೂಗಿ ನೋಡಲಾಯಿತು. ಪೂರ್ತಿ ತಿಳಿವಳಿಕೆ ಕೊಟ್ಟ ಪಾಠಗಳಿಂದ ಲೈಂಗಿಕ ಚಟುವಟಿಕೆ ಹೆಚ್ಚಲಿಲ್ಲ, ಹಲವೆಡೆ ಅದರ ಆರಂಭ ತಡವಾಯಿತು. ‘ಮದುವೆವರೆಗೆ ಸಂಯಮ’ ಎಂದಷ್ಟೇ ಬೋಧಿಸಿದ ಅಮೆರಿಕದ ಕಾರ್ಯಕ್ರಮಗಳನ್ನು 2007ರಲ್ಲಿ ಅಲ್ಲಿನ ಸರ್ಕಾರಕ್ಕಾಗಿಯೇ ಮೌಲ್ಯಮಾಪನ ಮಾಡಿದಾಗ, ಪಾಠ ಕೇಳಿದವರಿಗೂ ಕೇಳದವರಿಗೂ ಸಂಯಮದಲ್ಲಿ ವ್ಯತ್ಯಾಸ ಕಾಣಲಿಲ್ಲ. ಇವಕ್ಕಿಂತ ಯೋಚನೆಗೆ ಹಚ್ಚುವುದು ಪಶ್ಚಿಮ ಆಸ್ಟ್ರೇಲಿಯಾದ ಗೊಂಬೆಯ ಪ್ರಯೋಗ. ಪರ್ತ್ ನಗರದ 57 ಶಾಲೆಗಳಲ್ಲಿ 13ರಿಂದ 15 ವರ್ಷದ ಹುಡುಗಿಯರನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಪಾಠದ ಜೊತೆ ಎಲೆಕ್ಟ್ರಾನಿಕ್ ಕೂಸೊಂದನ್ನು ವಾರಾಂತ್ಯಕ್ಕೆ ಮನೆಗೆ ಕೊಟ್ಟು ಕಳಿಸಿದರು. ಅದು ಹೊತ್ತಲ್ಲದ ಹೊತ್ತಿನಲ್ಲಿ ಅಳುತ್ತದೆ. ಹಾಲು ಕುಡಿಸಬೇಕು, ತೂಗಬೇಕು, ಬಟ್ಟೆ ಬದಲಿಸಬೇಕು. ತಾಯ್ತನದ ಕಷ್ಟ ಕಂಡು ಹೆದರಿ ಎಚ್ಚರವಾಗಿರುತ್ತಾರೆ ಎಂಬುದು ಎಣಿಕೆ. ಇಪ್ಪತ್ತರ ವಯಸ್ಸಿನವರೆಗೆ ಹಿಂಬಾಲಿಸಿ ಲೆಕ್ಕ ತೆಗೆದು 2016ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟಿಸಿದರು. ಗೊಂಬೆ ಪಡೆದವರಲ್ಲಿ ಶೇ 8 ಮಂದಿ ಹೆತ್ತಿದ್ದರು, ಪಡೆಯದವರಲ್ಲಿ ಶೇ 4. ಗರ್ಭಪಾತವೂ ಗೊಂಬೆಯ ಗುಂಪಿನಲ್ಲೇ ಹೆಚ್ಚು: ಶೇ 9, ಇನ್ನೊಂದರಲ್ಲಿ ಶೇ 6. ಹೆದರಿಸಿ ಕಲಿಸುವ ವಿಧಾನದ ಮೇಲೆ ನಂಬಿಕೆ ಇಡಲು ಇದನ್ನು ಓದಿದ ಮೇಲೆ ಕಷ್ಟ. ಇಂಗ್ಲೆಂಡ್ 1999ರಲ್ಲಿ ಬೇರೆ ದಾರಿ ಹಿಡಿಯಿತು: ಶಾಲೆಯಲ್ಲಿ ಪಾಠ, ಪಕ್ಕದಲ್ಲೇ ಗುಟ್ಟು ಕಾಯುವ ಕ್ಲಿನಿಕ್. 1998ರಿಂದ 2014ರ ನಡುವೆ ಅಲ್ಲಿ ಹದಿನೆಂಟರೊಳಗಿನವರ ಬಸಿರಿನ ದರ ಅರ್ಧಕ್ಕಿಂತ ಕೆಳಗಿಳಿಯಿತು. ಪಾಠವೊಂದರಿಂದಲೇ ಆಯಿತೆಂದು ಯಾರೂ ಹೇಳುವುದಿಲ್ಲ; ಪಾಠದಿಂದ ಕೆಟ್ಟರು ಎಂದು ಹೇಳಲಂತೂ ಬರುವುದಿಲ್ಲ.

ಎರಡನೆಯ ಆಕ್ಷೇಪ ಕಾನೂನಿನದು, ಮತ್ತು ಇದು ಗಟ್ಟಿ. ಪೋಕ್ಸೊ ಕಾಯ್ದೆಯ ಪ್ರಕಾರ ಹದಿನೆಂಟರೊಳಗಿನವರ ಒಪ್ಪಿಗೆಗೆ ಬೆಲೆಯಿಲ್ಲ. ಅಪರಾಧವಾಗಿರುವುದಕ್ಕೆ ಶಾಲೆಯೇ ತಯಾರಿ ಕೊಡುವುದೇ? ಲೈಸೆನ್ಸ್ ಸಿಗುವ ಮೊದಲೇ ರಸ್ತೆ ನಿಯಮ ಕಲಿಸುತ್ತೇವೆ ಎಂದು ಹೇಳಿ ಇದನ್ನು ತಳ್ಳಿಹಾಕಬಹುದು, ಆದರೆ ಅಷ್ಟು ಸಾಲದು. ಕಾನೂನೇ ಪಾಠದ ಭಾಗವಾಗಬೇಕು ಎಂಬುದು ಸರಿಯಾದ ಉತ್ತರ. 2022ರ ನವೆಂಬರಿನಲ್ಲಿ ಕರ್ನಾಟಕ ಹೈಕೋರ್ಟಿನ ಧಾರವಾಡ ಪೀಠ, ಒಂಬತ್ತನೇ ತರಗತಿಯಿಂದಲೇ ಪೋಕ್ಸೊ ಬಗ್ಗೆ ತಿಳಿಸುವ ಪಠ್ಯ ಸಿದ್ಧಪಡಿಸಿ ಎಂದು ಶಿಕ್ಷಣ ಇಲಾಖೆಗೆ ಸೂಚಿಸಿದ್ದು ಇದೇ ಕಾರಣಕ್ಕೆ: ಪ್ರೀತಿ ಎಂದುಕೊಂಡು ಓಡಿಹೋದ ಹುಡುಗ ಜೈಲಿಗೆ ಹೋಗುವವರೆಗೆ ಅದು ಅಪರಾಧವೆಂದು ಇಬ್ಬರಿಗೂ ಗೊತ್ತಿರುವುದಿಲ್ಲ. ಕಾಯ್ದೆಯ ಇನ್ನೊಂದು ಮಗ್ಗುಲು ಕ್ಲಿನಿಕ್ಕಿನ ಬಾಗಿಲಲ್ಲಿ ಕಾಣುತ್ತದೆ. ಹದಿನೇಳರ ಹುಡುಗಿ ಬಸುರಿಯಾಗಿ ಬಂದರೆ ವೈದ್ಯರು ಪೊಲೀಸರಿಗೆ ತಿಳಿಸಲೇಬೇಕು. ಅದಕ್ಕೆ ಹೆದರಿ ಅವಳು ಬರುವುದೇ ಇಲ್ಲ. 2022ರ ಸೆಪ್ಟೆಂಬರ್ 29ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಈ ಗಂಟನ್ನು ಸ್ವಲ್ಪ ಸಡಿಲಿಸಿತು. ಹುಡುಗಿ ಮತ್ತು ಅವಳ ಪೋಷಕರು ಕೋರಿದರೆ, ಪೊಲೀಸರಿಗೆ ಕೊಡುವ ಮಾಹಿತಿಯಲ್ಲಿ ವೈದ್ಯರು ಅವಳ ಗುರುತನ್ನು ಬಹಿರಂಗಪಡಿಸಬೇಕಿಲ್ಲ. ಅವಿವಾಹಿತೆಯರಿಗೂ 24 ವಾರದವರೆಗಿನ ಗರ್ಭಪಾತದ ಅವಕಾಶವನ್ನು ವಿಸ್ತರಿಸಿದ ತೀರ್ಪೂ ಅದೇ. ಇಷ್ಟು ಮುಖ್ಯವಾದ ರಿಯಾಯಿತಿ ಯಾರಿಗಾಗಿ ಬಂತೋ ಅವರ ಕಿವಿಗೆ ಬೀಳುವ ಏರ್ಪಾಡು ಇಲ್ಲ.

ಮನೆಯಲ್ಲೇ ಹೇಳಿಕೊಡಲಿ ಎನ್ನುವವರೊಂದಿಗೆ ಜಗಳವಿಲ್ಲ. ಹೇಳಿಕೊಡುವ ಮನೆಗಳು ಹೇಳಿಕೊಡಲಿ. ಉಳಿದ ಮನೆಗಳ ಮಕ್ಕಳಿಗೆ ಈಗ ಕಲಿಸುತ್ತಿರುವುದು ಮೊಬೈಲ್, ಅದೂ ಅಶ್ಲೀಲ ವಿಡಿಯೊ. ಅಲ್ಲಿ ಬಸಿರೂ ಇಲ್ಲ, ವಾರವೂ ಇಲ್ಲ, ಬೇಡ ಎಂಬ ಮಾತೂ ಇಲ್ಲ.

ಇನ್ನೊಂದು ದಿಕ್ಕಿನಿಂದ ಬರುವ ಆಕ್ಷೇಪಕ್ಕೆ ನಾನು ಹೆಚ್ಚು ಕಿವಿಗೊಡುತ್ತೇನೆ. ಸಂತಾನಶಕ್ತಿಯ ಪಾಠ ಎಂದರೆ ‘ಮೂವತ್ತು ದಾಟಿದರೆ ಮಕ್ಕಳಾಗುವುದಿಲ್ಲ, ಬೇಗ ಮದುವೆಯಾಗು’ ಎಂದು ಹುಡುಗಿಯರ ಓದಿಗೆ ಅಡ್ಡಗಾಲು ಹಾಕುವ ಹೊಸ ನೆಪವಾಗದೇ ಎಂಬ ಭಯ ಅದು. ದಕ್ಷಿಣದ ರಾಜ್ಯಗಳಲ್ಲಿ ಜನನ ಕಡಿಮೆಯಾಯಿತು, ಹೆಚ್ಚು ಹೆರಿ ಎಂದು ಮುಖ್ಯಮಂತ್ರಿಗಳೇ ಕರೆ ಕೊಡುತ್ತಿರುವ ದಿನಗಳಲ್ಲಿ ಈ ಭಯ ಕಲ್ಪನೆಯದಲ್ಲ. ನಿನ್ನೆ ಸಾಕು ಎಂದ ಗೋಡೆಬರಹ ನಾಳೆ ಬೇಕು ಎನ್ನಬಹುದು. ಇದಕ್ಕೆ ಪರಿಹಾರ ಪಾಠವನ್ನು ಬಿಡುವುದಲ್ಲ, ನಿಖರವಾಗಿ ಹೇಳುವುದು. ಹೆಣ್ಣಿನ ಸಂತಾನಶಕ್ತಿ ಮೂವತ್ತರ ನಂತರ ನಿಧಾನವಾಗಿ, ಮೂವತ್ತೈದರ ಆಚೆಗೆ ಬೇಗಬೇಗ ಇಳಿಯುತ್ತದೆ. ಮೂವತ್ತಕ್ಕೆ ಬೀಗ ಬೀಳುವುದಿಲ್ಲ. ಹದಿನೆಂಟರೊಳಗಿನ ಬಸಿರು, ಅದೂ ಹದಿಹರೆಯದ ಹುಡುಗಿಯರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಗೆ ರಕ್ತಹೀನತೆ ಇರುವ ನಾಡಿನಲ್ಲಿ, ತಾಯಿಗೂ ಮಗುವಿಗೂ ಅಪಾಯ. ರಕ್ತದೊತ್ತಡ, ಕಷ್ಟದ ಹೆರಿಗೆ, ಕಡಿಮೆ ತೂಕದ ಕೂಸು ಎಲ್ಲ ಸಾಧ್ಯತೆಯೂ ಹೆಚ್ಚು. ಮಕ್ಕಳಾಗದ ಜೋಡಿಗಳಲ್ಲಿ ಸುಮಾರು ಅರ್ಧದಷ್ಟು ಕಡೆ ಗಂಡಿನ ಕಾರಣವೂ ಇರುತ್ತದೆ ಎಂಬುದನ್ನು ಹುಡುಗರ ಎದುರಿಗೇ ಹೇಳಬೇಕು. ಚಿಕ್ಕಂದಿನಲ್ಲಿ ಕೆಳಗಿಳಿಯದ ವೃಷಣ, ಹರೆಯದಲ್ಲಿ ಬಂದ ಮಂಗನಬಾವು, ಚಿಕಿತ್ಸೆ ಪಡೆಯದ ಲೈಂಗಿಕ ಸೋಂಕು, ತಂಬಾಕು ಇವೆಲ್ಲ ಹುಡುಗನ ದೇಹದ ಪಾಠಗಳು. ಮಗು ಗಂಡೋ ಹೆಣ್ಣೋ ಎಂದು ನಿರ್ಧರಿಸುವುದು ಗಂಡಿನ ವೀರ್ಯಾಣು ಎಂಬುದನ್ನು ಪರೀಕ್ಷೆಯಲ್ಲಿ ಬರೆದು ಅಂಕ ಪಡೆದವರೇ ಮುಂದೆ ಮೂರನೆಯ ಹೆಣ್ಣುಮಗುವಿಗೆ ಹೆಂಡತಿಯನ್ನು ದೂರುವುದನ್ನು ನೋಡುತ್ತೇವೆ. ಮದುವೆಯಾಗಿ ವರ್ಷಗಟ್ಟಲೆ ಹರಕೆ, ನಾಟಿ ಔಷಧ ಎಂದು ಹೆಂಡತಿಯನ್ನೇ ಅಲೆಸಿ, ಗಂಡನ ವೀರ್ಯಪರೀಕ್ಷೆ ಎಂಬ ಸಣ್ಣ ಕೆಲಸವನ್ನು ಕೊನೆಗೆ ಮಾಡಿಸುವವರು ಕಳೆದುಕೊಳ್ಳುವುದೂ ಸಮಯವನ್ನೇ. ಐವಿಎಫ್‌ಗೆ 2021ರ ಕಾಯ್ದೆ ಹೆಣ್ಣಿಗೆ 50, ಗಂಡಿಗೆ 55 ವರ್ಷದ ಮಿತಿ ಇಟ್ಟಿದೆ. ಕಾಯ್ದೆ ಬಿಟ್ಟ ವಯಸ್ಸಿನವರೆಗೆ ಅಂಡಾಣು ಕಾಯುತ್ತದೆ ಎಂದು ನಂಬಿ ಕೂತವರಿಗೆ ಬೆಂಗಳೂರಿನ ಯಾವ ಜಾಹೀರಾತು ಫಲಕವೂ ನಿಜ ಹೇಳುವುದಿಲ್ಲ.

ಆಯ್ಕೆಗಳ ಪಾಠದ ತಿರುಳು ತೂಕ ತಪ್ಪದ ಮಾಹಿತಿ. ಇಂಗ್ಲೆಂಡಿನ ಶಾಲೆಗಳಿಗೆ 2020ರ ಸೆಪ್ಟೆಂಬರಿನಿಂದ ಕಡ್ಡಾಯವಾದ ಪಾಠದಲ್ಲಿ ಮಗುವನ್ನು ಇಟ್ಟುಕೊಳ್ಳುವುದು, ದತ್ತು ಕೊಡುವುದು, ಗರ್ಭಪಾತ ಮೂರನ್ನೂ ಯಾವ ಕಡೆಗೂ ವಾಲದೆ, ಕಾನೂನಿಗೂ ವೈದ್ಯಶಾಸ್ತ್ರಕ್ಕೂ ತಪ್ಪದಂತೆ ತಿಳಿಸಬೇಕು ಎಂದಿದೆ. ನಮ್ಮಲ್ಲೂ ಹೇಳಬೇಕಾದದ್ದು ಸ್ಪಷ್ಟವಾಗಿದೆ. 1971ರ ಗರ್ಭಪಾತ ಕಾಯ್ದೆಯ 2021ರ ತಿದ್ದುಪಡಿಯಂತೆ, 20 ವಾರದವರೆಗೆ ಒಬ್ಬ ವೈದ್ಯರ ಅಭಿಪ್ರಾಯ ಸಾಕು. ಅಪ್ರಾಪ್ತರೂ ಸೇರಿದಂತೆ ಕೆಲವು ವರ್ಗಗಳಿಗೆ ಇಬ್ಬರು ವೈದ್ಯರ ಅಭಿಪ್ರಾಯದ ಮೇಲೆ 24 ವಾರ. ಹದಿನೆಂಟು ತುಂಬಿದವಳಿಗೆ ಅವಳದೇ ಸಹಿ ಸಾಕು, ಗಂಡನದು ಬೇಡ. ತುಂಬದಿದ್ದರೆ ಪೋಷಕರ ಲಿಖಿತ ಒಪ್ಪಿಗೆ ಬೇಕು. ಹೆತ್ತ ಮೇಲೆ ಸಾಕಲಾಗದಿದ್ದರೆ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಕಾನೂನುಬದ್ಧವಾಗಿ ಒಪ್ಪಿಸಬಹುದು, ಮನಸ್ಸು ಬದಲಾಯಿಸಲು 60 ದಿನದ ಕಾಲಾವಕಾಶ ಉಂಟು. ಚರಂಡಿ ಬದಿಯಲ್ಲಿ, ಬಸ್ ನಿಲ್ದಾಣದಲ್ಲಿ ಕೂಸು ಸಿಕ್ಕ ಸುದ್ದಿಗಳ ಹಿಂದೆ ಈ ಒಂದು ಸಾಲಿನ ತಿಳಿವಳಿಕೆಯ ಕೊರತೆಯೂ ಇದೆ. ಗರ್ಭಪಾತವನ್ನು ಧರ್ಮದ ಕಾರಣಕ್ಕೆ ಒಪ್ಪದ ಶಿಕ್ಷಕರಿಗೆ ಒಪ್ಪದಿರುವ ಹಕ್ಕಿದೆ, ವಾರದ ಮಿತಿಯನ್ನು ಮುಚ್ಚಿಡುವ ಹಕ್ಕಿಲ್ಲ. ಮುಚ್ಚಿಟ್ಟರೆ ಗರ್ಭಪಾತ ನಿಲ್ಲುವುದೂ ಇಲ್ಲ. 2015ರಲ್ಲಿ ಭಾರತದಲ್ಲಿ 1.56 ಕೋಟಿ ಗರ್ಭಪಾತಗಳಾದವೆಂದೂ ಅದರಲ್ಲಿ ಶೇ 73ರಷ್ಟು ಆಸ್ಪತ್ರೆಯ ಹೊರಗೆ ಮಾತ್ರೆ ನುಂಗಿ ಆದವೆಂದೂ ಒಂದು ಪ್ರಮುಖ ಅಧ್ಯಯನ ಅಂದಾಜಿಸಿತು. ಎಷ್ಟು ವಾರವಾಗಿದೆ, ಬಸಿರು ಗರ್ಭಕೋಶದಲ್ಲೇ ಇದೆಯೋ ನಾಳದಲ್ಲಿದೆಯೋ ಎಂದು ನೋಡುವವರಿಲ್ಲದೆ ಕೌಂಟರಿನ ಮೇಲಿಂದ ಸರಿದ ಪೊಟ್ಟಣಗಳು ಅವು.

ಇದನ್ನೆಲ್ಲ ಯಾವಾಗ, ಯಾರು ಕಲಿಸುವುದು? ಎಂಟನೇ ತರಗತಿ ದಾಟುವುದರೊಳಗೆ ಮೂಲ ಪಾಠ ಮುಗಿದಿರಬೇಕು, ಏಕೆಂದರೆ ಶಾಲೆ ಬಿಡಿಸಿ ಮದುವೆ ಮಾಡುವುದು ಅಲ್ಲಿಂದಾಚೆಗೆ. ಹುಡುಗ ಹುಡುಗಿಯರಿಗೆ ಪಾಠ ಒಂದೇ ಇರಲಿ. ಪ್ರಶ್ನೆ ಕೇಳುವ ಅವಧಿ ಬೇಕಾದರೆ ಬೇರೆಬೇರೆ ಇರಲಿ, ಹೆಸರಿಲ್ಲದ ಚೀಟಿಯಲ್ಲಿ ಬರೆದು ಡಬ್ಬಿಗೆ ಹಾಕಲಿ. ಪ್ರತಿ ಶಾಲೆಯಿಂದ ಇಬ್ಬರು ಶಿಕ್ಷಕರನ್ನು ಆರೋಗ್ಯ ರಾಯಭಾರಿಗಳಾಗಿ ತರಬೇತು ಮಾಡುವ ಯೋಜನೆ 2020ರಿಂದ ಕಾಗದದ ಮೇಲಿದೆ, ಹೊಸ ಹುದ್ದೆ ಸೃಷ್ಟಿಸುವ ಅಗತ್ಯವೂ ಇಲ್ಲ. ಮೇಷ್ಟರಿಗೆ ಆಗದಿದ್ದರೆ ಪ್ರಾಥಮಿಕ ಆರೋಗ್ಯ ಕೇಂದ್ರದ ನರ್ಸಮ್ಮ ಬರಲಿ. ರಾಷ್ಟ್ರೀಯ ಕಿಶೋರ ಸ್ವಾಸ್ಥ್ಯ ಕಾರ್ಯಕ್ರಮದಡಿ ರಾಜ್ಯದಲ್ಲಿ ಸ್ನೇಹ ಕ್ಲಿನಿಕ್‌ಗಳಿವೆ. ಪಾಠ ಮುಗಿದ ದಿನ ಮಕ್ಕಳನ್ನು ಅಲ್ಲಿಗೆ ಒಮ್ಮೆ ನಡೆಸಿಕೊಂಡು ಹೋಗಿ ಯಾವ ಕೋಣೆ, ಯಾವ ದಿನ, ಯಾರು ಕೂರುತ್ತಾರೆ ಎಂದು ತೋರಿಸಿದರೆ ಪುಸ್ತಕದ ಹತ್ತು ಪುಟಕ್ಕಿಂತ ಹೆಚ್ಚು ಕೆಲಸವಾಗುತ್ತದೆ. ಶಾಲೆಯ ಹೊರಗೇ ಉಳಿದ ಹುಡುಗಿಯರ ಮಾತು ಬೇರೆ. ಕಬ್ಬು ಕಡಿಯಲು ತಂದೆತಾಯಿಯ ಜೊತೆ ಜಿಲ್ಲೆ ದಾಟಿದವರು, ಗಾರ್ಮೆಂಟ್ಸ್‌ಗೆ ಸೇರಿದವರು, ಅಕ್ಕನ ಬಾಣಂತನಕ್ಕೆಂದು ಮನೆಯಲ್ಲೇ ಉಳಿದವರು ಯಾವ ಪಠ್ಯಕ್ರಮಕ್ಕೂ ಸಿಗುವುದಿಲ್ಲ. ಅವರ ಬಾಗಿಲಿಗೆ ಹೋಗುವವರು ಆಶಾ ಕಾರ್ಯಕರ್ತೆಯರು. ಬಸಿರು ಪತ್ತೆಯ ‘ನಿಶ್ಚಯ್’ ಕಿಟ್ ಅವರ ಚೀಲದಲ್ಲೇ ಇರುತ್ತದೆ, ಆದರೆ ಅದನ್ನು ಕೇಳುವ ಧೈರ್ಯ ಈಗ ಇರುವುದು ಕೊರಳಲ್ಲಿ ತಾಳಿ ಇದ್ದವರಿಗೆ. ತಾಳಿ ಇಲ್ಲದವಳು ಕೇಳಿದರೂ ಮರುಪ್ರಶ್ನೆ ಹಾಕದೆ ಕೊಡಬೇಕು ಎಂದು ಆರೋಗ್ಯ ಇಲಾಖೆ ಒಂದು ಸುತ್ತೋಲೆ ಹೊರಡಿಸಿದರೆ, ಐದನೇ ವಾರದಲ್ಲಿ ತಿಳಿಯುವವರ ಸಂಖ್ಯೆ ಹೆಚ್ಚುತ್ತದೆ, ಹದಿನೈದನೇ ವಾರದಲ್ಲಿ ತಾಲ್ಲೂಕು ಆಸ್ಪತ್ರೆಗೆ ಓಡಿಬರುವವರ ಸಂಖ್ಯೆ ತಗ್ಗುತ್ತದೆ.